ಹತ್ತಿ ತುಂಬಿದ ಗೋಡೆ

ಆ ಊರಿಗೆ ನಾನು ಬಂದಿಳಿದದ್ದು ಒಂದು ಮುಂಜಾನೆ. ಬಸ್ಸು ನನ್ನನ್ನೂ ನನ್ನ ಟ್ರಂಕನ್ನೂ ಇಳಿಸಿ ಧೂಳೆಬ್ಬಿಸಿಕೊಂಡು ಹೋದ ಮೇಲೆ ನಿಲ್ದಾಣದ ಕಟ್ಟೆಯ ಮೇಲೆ ಕೂತು ಸುತ್ತ ನೋಡಿದೆ. ಅಂಗಡಿಗಳು ಇನ್ನೂ ಬಾಗಿಲು ತೆಗೆದಿರಲಿಲ್ಲ. ಎಲ್ಲೋ ಹತ್ತಿರದಲ್ಲೇ ಮಗ್ಗಗಳು ನಡೆಯುತ್ತಿರುವಂಥ ಸದ್ದು. ನೇಕಾರರ ಊರಿರಬೇಕು ಅಂದುಕೊಂಡೆ. ಚಹಾದ ಅಂಗಡಿಯವನು ಒಲೆ ಹೊತ್ತಿಸಿ ನನಗೊಂದು ಲೋಟ ಚಹಾ ತಂದುಕೊಟ್ಟಾಗ, ಮಗ್ಗದ ಸದ್ದೊಂದು ಅವನ ಜೊತೆಯಲ್ಲೇ ನಡೆದು ಬಂತು. ಅವನು ತಿರುಗಿ ಹೋದಾಗ ಅದೂ ಹೋಯಿತು. ಪಕ್ಕದಲ್ಲಿ ತಾಯಿಯೊಬ್ಬಳು ಮಗುವನ್ನು ಮಡಿಲಲ್ಲಿ ಹಾಕಿಕೊಂಡು ಕೂತಿದ್ದಳು. ಅಲ್ಲಿಂದ ಎರಡು ಸದ್ದು, ಒಂದು ನಿಧಾನದ್ದು, ಒಂದು ಅವಸರದ್ದು. ನಾನು ಲೋಟ ಹಿಡಿದುಕೊಂಡು ಹಾಗೇ ಕೂತುಬಿಟ್ಟೆ. ನರ್ಸಿಂಗ್ ಓದಿದವಳು ನಾನು. ಅದು ಏನೆಂದು ಯಾರೂ ನನಗೆ ಹೇಳಿಕೊಡಬೇಕಾಗಿರಲಿಲ್ಲ. ಸ್ಟೆತಸ್ಕೋಪನ್ನು ಕಿವಿಗೆ ಸಿಕ್ಕಿಸಿಕೊಂಡು, ಉಸಿರು ಬಿಗಿಹಿಡಿದು ಕೇಳುತ್ತಿದ್ದ ಎದೆಬಡಿತ ಇಲ್ಲಿ ಬಯಲಿನಲ್ಲಿ, ಎಲ್ಲರ ನಡುವೆ, ಸುಮ್ಮನೆ ಕೇಳುತ್ತಿತ್ತು.

ನನಗೆ ಕೆಲಸ ಸಿಕ್ಕಿದ್ದು ಆ ಊರಿನ ಹೊಸ ಆಸ್ಪತ್ರೆಯಲ್ಲಿ. ಓದು ಮುಗಿಸಿದ ಮೇಲೆ ಅದೇ ಮೊದಲ ಕೆಲಸ. ಉಳಿದುಕೊಳ್ಳಲು ಗಂಗಮಾಳವ್ವನ ಖಾನಾವಳಿಯ ಹಿಂದಿನ ಖೋಲಿ ಸಿಕ್ಕಿತು. ಗಂಗಮಾಳವ್ವ ಗಟ್ಟಿ ಹೆಂಗಸು. ಗಂಡ ತೀರಿಕೊಂಡ ಮೇಲೆ ರೊಟ್ಟಿ ಬಡಿದೇ ಇಬ್ಬರು ಹೆಣ್ಣುಮಕ್ಕಳ ಮದುವೆ ಮಾಡಿದವಳು. ಅವಳ ಎದೆಬಡಿತ ತುಂಬಿದ ಚಕ್ಕಡಿ ನಡೆದ ಹಾಗೆ, ನಿಧಾನ ಮತ್ತು ಭಾರ. ಮೊದಲ ದಿನ ನಾನು ಬಾಯಿ ತೆರೆದುಕೊಂಡು ಕೇಳುತ್ತಾ ನಿಂತಿದ್ದನ್ನು ಕಂಡು, ಹಾಗೆಲ್ಲ ಇನ್ನೊಬ್ಬರ ಎದೆಗೆ ಕಿವಿಗೊಟ್ಟು ನಿಲ್ಲಬಾರದು, ಕೇಳಿಸಿದರೂ ಕೇಳಿಸದವರಂತೆ ಇರಬೇಕು ಎಂದು ಮೆಲ್ಲಗೆ ಹೇಳಿದಳು. ಅದು ಆ ಊರಿನ ಮರ್ಯಾದೆ. ದನದ ವ್ಯಾಪಾರ ಮಾಡುವವರು ಹಿಟ್ಟಿನ ಗಿರಣಿಯ ಪಕ್ಕಕ್ಕೆ ಹೋಗಿ ನಿಂತು ದರ ಮಾತಾಡುತ್ತಿದ್ದರು. ಹೆಣ್ಣು ನೋಡಲು ಬಂದವರ ಎದುರಿಗೆ ಹುಡುಗಿ ಬಂದು ಕೂರುವಾಗ ಅವಳ ಚಿಕ್ಕಮ್ಮನೋ ಅತ್ತೆಯೋ ಒಳಗೆ ಕುಟ್ಟಾಣಿಯಲ್ಲಿ ಏನನ್ನಾದರೂ ಕುಟ್ಟುತ್ತಿರಬೇಕು. ಗಂಡ ಹೆಂಡತಿ ಜಗಳಾಡಿ ಸುಮ್ಮನಾದರೆ ಪಕ್ಕದ ಮನೆಯವರು ಪಾತ್ರೆಗಳನ್ನು ಜೋರಾಗಿ ತಿಕ್ಕುತ್ತಿದ್ದರು. ಬಸುರಿಯಾದವಳು ಬಾಯಿಬಿಟ್ಟು ಹೇಳುವ ಮೊದಲೇ ಓಣಿಗೆ ಗೊತ್ತಿರುತ್ತಿತ್ತು, ಆದರೆ ಅವಳು ಹೇಳಿದ ದಿನ ಎಲ್ಲರೂ ಹೊಸದಾಗಿ ಕೇಳಿದವರಂತೆ ಹಿಗ್ಗುತ್ತಿದ್ದರು.

ಒಂದಕ್ಕೆ ಮಾತ್ರ ಆ ಮರ್ಯಾದೆ ಅಡ್ಡ ಬರುತ್ತಿರಲಿಲ್ಲ. ಒಂದು ಮಧ್ಯಾಹ್ನ ಗಂಗಮಾಳವ್ವ ಊಟಕ್ಕೆ ಕೂತವರಿಗೆ ಪಲ್ಯ ಬಡಿಸುತ್ತಿದ್ದಳು. ಇದ್ದಕ್ಕಿದ್ದಂತೆ ಸೌಟನ್ನು ಅಲ್ಲೇ ಬಿಟ್ಟು ಬರಿಗಾಲಲ್ಲಿ ಹೊರಗೆ ಓಡಿದಳು. ನಾನೂ ಹಿಂದೆ ಓಡಿದೆ. ಎದುರು ಓಣಿಯ ದೊಡ್ಡ ಮನೆಯೊಳಗೆ, ನಡುಮನೆಯವರೆಗೂ ನುಗ್ಗಿದಳು. ಅಷ್ಟರಲ್ಲಾಗಲೇ ಹಾಲಿನವನು ಅಲ್ಲಿದ್ದ. ತಲೆಗೆ ಎರೆದುಕೊಂಡು ಒದ್ದೆ ಕೂದಲಲ್ಲೇ ಬಂದ ಒಬ್ಬ ಹೆಂಗಸಿದ್ದಳು. ಪೊಲೀಸನೊಬ್ಬ ಇದ್ದ. ನಡುವೆ ಕುರ್ಚಿಯಲ್ಲಿ ಆ ಮನೆಯ ಮುದುಕರು. ಮಲಗಿದವರು ಗಕ್ಕನೆ ಎದ್ದಿದ್ದರಂತೆ, ಎದೆ ಒಂದು ಹೆಜ್ಜೆ ತಪ್ಪಿತ್ತು, ಈಗ ಸರಿಯಾಗಿತ್ತು. ಎಲ್ಲರೂ ಅಲ್ಲೇ ನೀರು ಕುಡಿದು ತಮ್ಮ ತಮ್ಮ ಕೆಲಸಕ್ಕೆ ಹೋದರು. ಯಾರಿಗೂ ಇದು ದೊಡ್ಡ ಸಂಗತಿ ಅನಿಸಿರಲಿಲ್ಲ. ಹಿಂದಿರುಗಿ ಬರುವಾಗ ಗಂಗಮಾಳವ್ವ ನನಗೆ ಹೇಳಿದಳು: "ಎದಿ ಎಡವಿದ್ದು ಕೇಳಿಸ್ತಂದ್ರ ಯಾರ ಮನಿ, ಏನು ಅಂತ ನೋಡಂಗಿಲ್ಲವ್ವ. ಒಳಗ ಹೋಗೂದ."

ಆ ದಿನ ನನಗೆ ನನ್ನ ಓದೆಲ್ಲ ಸಣ್ಣದಾಗಿ ಕಂಡಿತು ಎಂದಲ್ಲ. ಆದರೆ ಒಂದು ಊರಿಗೆ ಊರೇ ಹೀಗೆ ಒಬ್ಬರನ್ನೊಬ್ಬರು ಕಾಯುತ್ತ ಬದುಕಬಹುದು ಎಂಬುದು ನನ್ನ ಕಲ್ಪನೆಯಲ್ಲಿ ಎಂದೂ ಬಂದಿರಲಿಲ್ಲ.

ನನ್ನ ಎದೆ ಮಾತ್ರ ಬಹಳ ದಿನ ಯಾರಿಗೂ ಕೇಳಿಸಲಿಲ್ಲ. ಹೊರಗಿನಿಂದ ಬಂದವರದು ಬೇಗ ಕೇಳಿಸುವುದಿಲ್ಲವಂತೆ. ಓಣಿಯ ಮಕ್ಕಳು ನಾನು ಹಿಂದಿನಿಂದ ಬಂದರೆ ಬೆಚ್ಚಿ ಬೀಳುತ್ತಿದ್ದವು. ಒಂದು ಬೆಳಿಗ್ಗೆ ಬಚ್ಚಲಿನಿಂದ ಹೊರಬಂದಾಗ ಗಂಗಮಾಳವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ತಲೆಯೆತ್ತಿದಳು. ನನಗೂ ಆಗಲೇ ಕೇಳಿಸಿತು, ಯಾರೋ ನನ್ನೊಳಗಿನಿಂದ ಬಾಗಿಲು ತಟ್ಟುತ್ತಿರುವ ಹಾಗೆ. ಅವಳು ಎದ್ದು ಹೋಗಿ ಡಬ್ಬಿಯಿಂದ ಒಂದು ಉಂಡೆ ಬೆಲ್ಲ ತಂದು ನನ್ನ ಬಾಯಿಗೆ ಹಾಕಿದಳು. ಅಂದಿನಿಂದ ನಾನೂ ಆ ಊರಿನವಳಾದೆ.

ಇನ್ನು ಆಸ್ಪತ್ರೆಯ ವಿಷಯ. ಅದು ಎರಡು ಮಹಡಿಯ ಬಿಳಿ ಕಟ್ಟಡ. ಹಳೆಯ ಸರ್ಕಾರಿ ಆಸ್ಪತ್ರೆಯಲ್ಲಿ ಒಂದೇ ದೊಡ್ಡ ವಾರ್ಡು, ಎಲ್ಲ ರೋಗಿಗಳೂ ಒಟ್ಟಿಗೆ. ಒಬ್ಬರ ಎದೆ ತಪ್ಪಿದರೆ ಪಕ್ಕದ ಮಂಚದವರು, ಅವರನ್ನು ನೋಡಲು ಬಂದವರು, ಕಸ ಹೊಡೆಯುವವರು, ಯಾರಾದರೂ ಕೂಗಿ ಕರೆಯುತ್ತಿದ್ದರು. ಹೊಸ ಆಸ್ಪತ್ರೆಯನ್ನು ಕಟ್ಟಿಸಿದ ಡಾಕ್ಟರ್ ನಾಡಗೌಡರು ಪ್ರತಿ ರೋಗಿಗೂ ಬೇರೆ ಬೇರೆ ಕೋಣೆ ಮಾಡಿಸಿದ್ದರು. ಗೋಡೆಗಳನ್ನು ಎರಡು ಪದರ ಕಟ್ಟಿಸಿ ನಡುವೆ ಹತ್ತಿ ತುಂಬಿಸಿದ್ದರು. ಬಾಗಿಲುಗಳಿಗೆ ಒಳಗಿನಿಂದ ದಪ್ಪ ಕೌದಿ ಹೊಲಿಸಿದ್ದರು. ಒಳಗೆ ಕಾಲಿಟ್ಟರೆ ಕಿವಿಯಲ್ಲಿ ನೀರು ಹೋದ ಹಾಗಾಗುತ್ತಿತ್ತು. ನಾವು ಕೆಲಸದವರೂ ಸಮವಸ್ತ್ರದ ಮೇಲೆ ಬಂಡಿ, ಅಂದರೆ ಹತ್ತಿ ತುಂಬಿದ ತೋಳಿಲ್ಲದ ಅಂಗಿ, ಹಾಕಿಕೊಳ್ಳಬೇಕು. ನರ್ಸಿನ ಎದೆ ಜೋರಾಗಿ ಬಡಿದರೆ ರೋಗಿಯ ಮನೆಯವರು ಗಾಬರಿಯಾಗುತ್ತಾರೆ ಎಂಬುದು ಅದಕ್ಕೆ ಕಾರಣ.

ನಾಡಗೌಡರು ಕೆಟ್ಟವರಾಗಿರಲಿಲ್ಲ. ಅವರ ತಾಯಿ ಆ ಹಳೆಯ ವಾರ್ಡಿನಲ್ಲೇ ತೀರಿಕೊಂಡರಂತೆ. ಎದೆ ನಿಂತಾಗ ಇಡೀ ವಾರ್ಡು ತಿರುಗಿ ಆ ಮಂಚದ ಕಡೆ ನೋಡಿತಂತೆ, ಡಾಕ್ಟರಾಗಿದ್ದ ಮಗ ಬಾಗಿಲು ದಾಟಿ ಬರುವ ಮೊದಲೇ ಎಲ್ಲರಿಗೂ ಗೊತ್ತಾಗಿಹೋಗಿತ್ತಂತೆ. ಜನ ಕಾಯಿಲೆ ಬಿದ್ದಾಗಲಾದರೂ ಅವರ ಎದೆ ಅವರಿಗಷ್ಟೇ ಇರಲಿ ಎಂದು ಅವರು ಈ ಕಟ್ಟಡ ಕಟ್ಟಿಸಿದ್ದು. ಇದನ್ನು ನನಗೆ ಹೇಳಿದವಳು ಕಮಲಾಕ್ಷಿ, ನನಗಿಂತ ಹಿರಿಯ ನರ್ಸು. ಕೇಳಿ ನನಗೂ ಅವರ ಮೇಲೆ ಗೌರವ ಬಂದಿತ್ತು.

ಮೊದಮೊದಲು ಮೇಲಿನ ಮಹಡಿಯಲ್ಲಿ ನಾವು ನಾಲ್ಕೈದು ಮಂದಿ ಇದ್ದೆವು. ಬಾಗಿಲಿಗೊಬ್ಬರಲ್ಲದಿದ್ದರೂ ಕೂಗಿದರೆ ಬರುವಷ್ಟು ಜನ. ಒಬ್ಬಳು ಮದುವೆಯಾಗಿ ಹೋದಳು. ಇನ್ನೊಬ್ಬಳನ್ನು ಕೆಳಗಡೆ ಆಪರೇಷನ್ ಥಿಯೇಟರಿಗೆ ಕಳಿಸಿದರು. ಮತ್ತೊಬ್ಬಳು ಒಂದು ದಿನ ಬರಲೇ ಇಲ್ಲ. ಅವರ ಜಾಗಕ್ಕೆ ಯಾರೂ ಬರಲಿಲ್ಲ. ಕೊನೆಗೆ ಮಧ್ಯಾಹ್ನದ ಪಾಳಿಗೆ ಇಡೀ ಮಹಡಿಗೆ ನಾನೊಬ್ಬಳೇ ಉಳಿದೆ. ಬಾಗಿಲು ತೆರೆದು ಒಳಗೆ ಹೋಗಿ ನಿಂತು ಕೇಳಬೇಕು, ಔಷಧಿ ಕೊಡಬೇಕು, ಬಾಗಿಲು ಮುಚ್ಚಬೇಕು, ಮುಂದಿನ ಬಾಗಿಲಿಗೆ ಹೋಗಬೇಕು. ಒಂದು ಬಾಗಿಲು ಮುಚ್ಚಿದ ಕೂಡಲೇ ಅದರ ಹಿಂದಿನ ಮನುಷ್ಯ ಇದ್ದಾನೋ ಇಲ್ಲವೋ ನನಗೆ ತಿಳಿಯುತ್ತಿರಲಿಲ್ಲ. ಕೋಣೆಗಳ ನಡುವಿನ ಓಣಿಯಲ್ಲಿ ಆ ತುದಿಗೆ ಹೋದಾಗ ಈ ತುದಿಯವರ ಚಿಂತೆ. ಮನೆಗೆ ಬಂದು ಊಟಕ್ಕೆ ಕೂತರೂ ಎದೆ ಓಡುತ್ತಲೇ ಇರುತ್ತಿತ್ತು. ಗಂಗಮಾಳವ್ವ ಪಾತ್ರೆಗಳನ್ನು ಜೋರಾಗಿ ತಿಕ್ಕುತ್ತಿದ್ದಳು.

ಡಾಕ್ಟರಿಗೆ ಹೇಳಿದೆ. ಮಂಚದ ಪಕ್ಕದಲ್ಲಿ ಗಂಟೆ ಇದೆಯಲ್ಲ, ಒತ್ತುತ್ತಾರೆ ಎಂದರು. ಒತ್ತಲು ಎಚ್ಚರವಿರಬೇಕಲ್ಲ ಸರ್ ಎಂದೆ. ನರ್ಸುಗಳು ಸಿಗುತ್ತಿಲ್ಲ, ಹುಡುಕುತ್ತಿದ್ದೇನೆ, ಅಲ್ಲಿಯವರೆಗೆ ಸುಧಾರಿಸಿಕೊಳ್ಳಿ ಎಂದರು. ಹೋಗಲಿ, ಬಾಗಿಲುಗಳನ್ನಾದರೂ ತೆರೆದಿಡಲೇ ಎಂದು ಕೇಳಿದೆ. ಅವರ ಮುಖ ಸಪ್ಪಗಾಯಿತು. ಅದಕ್ಕೇ ಅಲ್ಲವೇ ಜನ ಇಲ್ಲಿಗೆ ಬರುವುದು ಎಂದರು. ಫೋನಿನಲ್ಲಿ ಅಮ್ಮನಿಗೆ ಹೇಳಿಕೊಂಡೆ. ಅಮ್ಮ, "ಇನ್ನೊಂದು ಕೆಲಸ ಸಿಗೋ ತನಕ ಹೆಂಗೋ ತಳ್ಳು ಮಗಾ. ಕೈಲಿರೋದನ್ನ ಬಿಟ್ಟು ಬೀದಿಲಿ ನಿಂತ್ಕೋಬೇಡ," ಎಂದಳು. ನಾನೂ ಹಾಗೇ ಅಂದುಕೊಂಡಿದ್ದೆ.

ನಿಂಬೆವ್ವ ಬಂದದ್ದು ಆ ದಿನಗಳಲ್ಲೇ. ಅವಳೂ ಅವಳ ಗಂಡ ಸಂಗಪ್ಪನೂ ಊರಾಚೆ ಚುರುಮುರಿ ಭಟ್ಟಿ ನಡೆಸುತ್ತಿದ್ದರು. ಅವಳ ಪಿತ್ತಕೋಶದಲ್ಲಿ ಹರಳಾಗಿ ಆಪರೇಷನ್ ಆಗಿತ್ತು; ಚೆನ್ನಾಗಿಯೇ ಆಗಿತ್ತು. ಕೈ ತುಂಬ ಸುಟ್ಟ ಕಲೆಗಳು, ಬಾಯಿ ತುಂಬ ಮಾತು. ಕಾದ ಮರಳಿನಲ್ಲಿ ಅಕ್ಕಿ ಅರಳುವಾಗ ಆಗುವ ಗದ್ದಲದಲ್ಲೂ ಗಂಡನಿಗೆ ತನ್ನ ಎದೆ ಕೇಳಿಸುತ್ತದೆ, ತಾನು ದಣಿದರೆ ಹೇಳುವ ಮೊದಲೇ ಜಾಲರಿಯನ್ನು ಕೈಯಿಂದ ಕಸಿದುಕೊಳ್ಳುತ್ತಾನೆ ಎಂದು ನಗುತ್ತ ಹೇಳಿದ್ದಳು. ಆ ಕೋಣೆಯ ಮೌನ ಮಾತ್ರ ಅವಳಿಗೆ ಆಗುತ್ತಿರಲಿಲ್ಲ. "ಬಾಗಲಾ ಒಂಚೂರು ತೆರದಿಡ್ರೆವ್ವ," ಎಂದು ಕೇಳಿದಳು. "ಜಗತ್ತಿನಾಗ ನಾ ಒಬ್ಬಾಕೀನ ಉಳದಂಗ ಆಗತೈತಿ."

ನಾನು ತೆರೆದಿಡುತ್ತಿದ್ದೆ. ಆಚೆ ಈಚೆ ಹೋಗುವಾಗ ನನಗೂ ಅವಳ ಬಡಿತ ಕೇಳಿಸಿ ಸಮಾಧಾನವಾಗುತ್ತಿತ್ತು. ರೌಂಡಿಗೆ ಬಂದವರು ಯಾರಾದರೂ ಮುಚ್ಚಿಬಿಡುತ್ತಿದ್ದರು. ನಾನು ಮತ್ತೆ ತೆರೆಯುತ್ತಿದ್ದೆ. ಸಂಗಪ್ಪನಿಗೆ ಸಂಜೆ ಮಾತ್ರ ಒಳಗೆ ಬರಲು ಬಿಡುತ್ತಿದ್ದರು. ಅವನು ಬಂದು ಸ್ಟೂಲಿನ ಮೇಲೆ ಕೂತ ಮೇಲೆಯೇ ಅವಳಿಗೆ ನಿದ್ದೆ ಹತ್ತುತ್ತಿದ್ದುದು.

ಆ ಮಧ್ಯಾಹ್ನ ಓಣಿಯ ಕೊನೆಯ ಕೋಣೆಯ ವೃದ್ಧರೊಬ್ಬರು ರಕ್ತ ವಾಂತಿ ಮಾಡಿಕೊಂಡರು. ಅವರನ್ನು ಬಿಟ್ಟು ಕದಲುವ ಹಾಗಿರಲಿಲ್ಲ. ಕೆಳಗಿನಿಂದ ಡಾಕ್ಟರು ಬಂದರು, ಅವರ ಜೊತೆಗೆ ನಿಂತು ಮಾಡಬೇಕಾದದ್ದೆಲ್ಲ ಮಾಡಿದೆ. ವೃದ್ಧರು ಉಳಿದುಕೊಂಡರು. ಕೈ ತೊಳೆದುಕೊಂಡು ಓಣಿಗೆ ಬಂದಾಗ ನಿಂಬೆವ್ವನ ಬಾಗಿಲು ಮುಚ್ಚಿರುವುದು ಕಂಡಿತು.

ತೆರೆದೆ. ಒಳಗೆ ಏನೂ ಕೇಳಿಸಲಿಲ್ಲ.

ಮೌನ ಎಂದರೆ ಏನೆಂದು ಬೇರೆ ಊರಿನವರಿಗೆ ಹೇಳುವುದು ಕಷ್ಟ. ನಾನು ಹುಟ್ಟಿ ಬೆಳೆದ ಕಡೆ ಎಲ್ಲರೂ ಮೌನವಾಗಿಯೇ ಇದ್ದರು, ಅದು ನನಗೆ ಗೊತ್ತೂ ಇರಲಿಲ್ಲ. ಆದರೆ ಈ ಊರಿನಲ್ಲಿ ಮನುಷ್ಯರೊಬ್ಬರು ಎದುರಿಗಿದ್ದು ಅವರಿಂದ ಸದ್ದೇ ಬಾರದಿರುವುದನ್ನು ನಾನು ಕಂಡದ್ದು ಅದೇ ಮೊದಲು. ಕೋಣೆಯ ತುಂಬ ನನ್ನ ಒಬ್ಬಳ ಎದೆಯೇ ಬಡಿಯುತ್ತಿತ್ತು. ಅವಳ ಎದೆಯ ಮೇಲೆ ಎರಡೂ ಕೈ ಇಟ್ಟು ಒತ್ತಿದೆ, ಕೂಗಿದೆ. ಹತ್ತಿಯ ಗೋಡೆ ನನ್ನ ಕೂಗನ್ನು ನುಂಗಿಕೊಂಡಿತು. ಗಂಟೆಯ ಗುಂಡಿ ಅವಳ ಕೈಗೆ ಎಟುಕುವಷ್ಟು ದೂರದಲ್ಲೇ ಇತ್ತು. ಅದನ್ನು ನಾನೇ ಒತ್ತಿದೆ. ಡಾಕ್ಟರು ಓಡಿ ಬಂದರು. ಅವರು ನಿಜವಾಗಿ ಬೆವರು ಸುರಿಸಿ, ಮಂಡಿಯೂರಿ ಪ್ರಯತ್ನಿಸಿದರು, ಅದನ್ನು ನಾನು ಹೇಳಲೇಬೇಕು. ರಕ್ತದ ಗಡ್ಡೆಯೊಂದು ಕಾಲಿನಿಂದ ಹೊರಟು ಮೇಲೆ ಹೋಗಿರಬೇಕು ಎಂದರು. ಕೂಡಲೇ ತಿಳಿದಿದ್ದರೆ ಏನಾದರೂ ಮಾಡಬಹುದಿತ್ತೇ ಎಂದು ನಾನು ಕೇಳಿದೆ. ಅವರು ಎದ್ದು ಅವಳ ಹೊದಿಕೆಯನ್ನು ಎಳೆದು ಸರಿಮಾಡಿದರು.

ಹೇಳಿಕಳಿಸಿದ ಮೇಲೆ ಸಂಗಪ್ಪ ಬಂದು ಕೆಳಗಿನ ಕೋಣೆಯಲ್ಲಿ ಕೂತಿದ್ದ. ಜೊತೆಗೆ ಅವನ ಅಣ್ಣ, ಇಬ್ಬರು ಹೆಂಗಸರು. ಮೆಟ್ಟಿಲಿಳಿಯುವಾಗ ಡಾಕ್ಟರು ನನ್ನನ್ನು ತಡೆದು ನಿಲ್ಲಿಸಿ, ನನ್ನ ಬಂಡಿಯ ಲಾಡಿ ಸಡಿಲವಾಗಿದ್ದನ್ನು ನೋಡಿ ಬಿಗಿಯಾಗಿ ಕಟ್ಟಿಕೊಳ್ಳಲು ಹೇಳಿದರು. ಹೆಂಡತಿಯ ಹತ್ತಿರ ಕೊನೆಯಲ್ಲಿ ಯಾರೋ ಇದ್ದರು ಅಂತ ಗೊತ್ತಾದರೆ ಅವನಿಗೆ ಸಮಾಧಾನ, ಹಾಗಂತ ನೀವೇ ಹೇಳಿ, ಅದರಿಂದ ಯಾರಿಗೂ ನಷ್ಟವಿಲ್ಲ ಎಂದರು. ಅವರು ಅದನ್ನು ಬೆದರಿಸಿ ಹೇಳಲಿಲ್ಲ, ಬೇಡಿಕೊಂಡ ಹಾಗೆ ಹೇಳಿದರು. ನಾನು ಲಾಡಿ ಬಿಗಿದುಕೊಂಡೆ.

ಒಳಗೆ ಡಾಕ್ಟರೇ ಮಾತಾಡಿದರು. ಸಂಗಪ್ಪ ತಲೆ ತಗ್ಗಿಸಿ ಎಲ್ಲವನ್ನೂ ಕೇಳಿದ. ಅವನ ಎದೆ ಕಲ್ಲುದಾರಿಯಲ್ಲಿ ಚಕ್ಕಡಿ ಹೋದ ಹಾಗೆ ಬಡಿಯುತ್ತಿತ್ತು. ಅಲ್ಲಿದ್ದವರೆಲ್ಲ ಅದನ್ನು ಕೇಳಿಸಿಕೊಳ್ಳದವರಂತೆ ನೆಲ ನೋಡುತ್ತಿದ್ದರು. ಎಲ್ಲ ಮುಗಿದ ಮೇಲೆ ಅವನು ನನ್ನ ಕಡೆ ತಿರುಗಿ ಮೆತ್ತಗೆ ಕೇಳಿದ:

"ನೀವು ಅಲ್ಲೇ ಇದ್ರೇನ್ರಿ, ತಂಗಿ?"

ನನ್ನ ಕೈ ಲಾಡಿಯ ಮೇಲೆ ಹೋಯಿತು. ಬಿಚ್ಚಿದೆ. ಬಂಡಿಯನ್ನು ತೆಗೆದು ಕುರ್ಚಿಯ ಮೇಲೆ ಇಟ್ಟೆ. ನನ್ನ ಎದೆ ಆ ಕೋಣೆಯಲ್ಲಿ ಹೇಗೆ ಬಡಿಯಿತೆಂದರೆ, ಕಿಟಕಿಯ ಆಚೆ ರಸ್ತೆಯಲ್ಲಿ ಹೋಗುತ್ತಿದ್ದವನೊಬ್ಬ ನಿಂತು ಒಳಗೆ ನೋಡಿದ.

"ಇರಲಿಲ್ಲ," ಎಂದೆ. "ನಾನು ಇನ್ನೊಂದು ತುದಿಯಲ್ಲಿದ್ದೆ. ಮಹಡಿಗೆಲ್ಲ ನಾನು ಒಬ್ಬಳೇ. ಅವರ ಬಾಗಿಲು ಮುಚ್ಚಿತ್ತು, ನನಗೆ ಕೇಳಿಸಲಿಲ್ಲ. ಅವರು ಒಬ್ಬರೇ ಇದ್ದರು."

ಹೆಂಗಸರಲ್ಲೊಬ್ಬಳು ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಸಂಗಪ್ಪ ನನ್ನನ್ನೇ ನೋಡುತ್ತಿದ್ದ. ಅವನು ನನ್ನ ಮಾತಿಗಿಂತ ನನ್ನ ಎದೆಯನ್ನು ಕೇಳುತ್ತಿದ್ದಾನೆ ಎಂದು ನನಗೆ ತಿಳಿಯಿತು. ಆಮೇಲೆ ಹೌದೆಂಬಂತೆ ತಲೆಯಾಡಿಸಿ, ಎದ್ದು, ಹೆಂಡತಿಯನ್ನು ಮನೆಗೆ ಒಯ್ಯಲು ಹೊರಟ.

ಡಾಕ್ಟರು ತಮ್ಮ ಕೋಣೆಗೆ ಕರೆದರು. ಬೈಯಬಹುದು ಅಂದುಕೊಂಡಿದ್ದೆ, ಬೈಯಲಿಲ್ಲ. ಎರಡು ದಿನ ರಜೆ ತೆಗೆದುಕೊಳ್ಳಿ, ಆಮೇಲೆ ಕೆಳಗಿನ ಮಹಡಿಗೆ ಹಾಕುತ್ತೇನೆ ಎಂದರು. ಮೇಲೆ ಯಾರಿರುತ್ತಾರೆ ಎಂದು ಕೇಳಿದೆ. ನೋಡೋಣ ಎಂದರು. ಆಗ ನಾನು ಕೆಲಸ ಬಿಡುತ್ತೇನೆ ಎಂದೆ. ಹಾಗೆ ಹೇಳುತ್ತೇನೆಂದು ಒಳಗೆ ಬರುವಾಗ ನನಗೇ ಗೊತ್ತಿರಲಿಲ್ಲ.

"ಬ್ಯಾರೆ ಕಡೆ ಕೆಲಸ ನೋಡಿಕೊಂಡೀರೇನು?" ಎಂದರು.

"ಇಲ್ಲ ಸರ್."

"ಮತ್ತ? ಮುಂದ ಏನ್ ಮಾಡ್ತೀರಿ?"

"ಗೊತ್ತಿಲ್ಲ ಸರ್."

ಬಂಡಿ ಇಲ್ಲದ ನನ್ನ ಎದೆ ಎಷ್ಟು ಹೆದರಿದೆ ಎಂಬುದು ಅವರಿಗೆ ಪೂರ್ತಿ ಕೇಳಿಸುತ್ತಿತ್ತು. ಮುಚ್ಚಿಡುವಂಥದ್ದು ಏನೂ ಉಳಿದಿರಲಿಲ್ಲ. ಅವರು ಕಿಟಕಿಯ ಕಡೆ ತಿರುಗಿದರು. ನಾನು ನನ್ನ ಪಾಳಿ ಮುಗಿಯುವವರೆಗೆ ಇರುತ್ತೇನೆ, ಕಮಲಾಕ್ಷಿ ಬಂದ ಮೇಲೆ ರೋಗಿಗಳನ್ನು ಒಪ್ಪಿಸಿ ಹೋಗುತ್ತೇನೆ ಎಂದು ಹೇಳಿ ಮೇಲೆ ಹೋದೆ.

ಈ ಬಾಗಿಲುಗಳ ಹಿಂದೆ ಇರುವವರನ್ನು ಯಾರ ಕೈಗೆ ಬಿಟ್ಟು ಹೋಗುತ್ತಿದ್ದೇನೆ ಎಂಬ ಯೋಚನೆ ಕಿತ್ತು ತಿನ್ನುತ್ತಿತ್ತು. ನಾನು ಉಳಿದರೆ ಇವರಿಗೆ ಒಳ್ಳೆಯದಾಗುತ್ತದೆಯೇ? ಉಳಿದೇ ಇದ್ದೆನಲ್ಲ, ನಿಂಬೆವ್ವನಿಗೆ ಏನಾಯಿತು? ನಾನು ಇದ್ದೇನೆ ಎಂಬ ಧೈರ್ಯದ ಮೇಲೆಯೇ ಅಲ್ಲವೇ ಇವರು ಇಲ್ಲಿ ಮಲಗಿರುವುದು? ಇರುವುದು ನಾನಲ್ಲ, ಒಂದು ಸಮವಸ್ತ್ರ. ಹೀಗೆ ಯೋಚಿಸುತ್ತ ಔಷಧಿ ಕೊಡುತ್ತ ಹೋದೆ.

ಕಮಲಾಕ್ಷಿ ಬಂದಳು. ಕೆಳಗೆಯೇ ಅವಳಿಗೆ ಸುದ್ದಿ ಗೊತ್ತಾಗಿತ್ತು. "ಏನ್ ಹುಡುಗಿ ಅದಿ ನೀನು. ಇನ್ನೊಂದು ಸಿಕ್ಕಮ್ಯಾಲ ಬಿಡಬೇಕಿತ್ತು," ಎಂದಷ್ಟೇ ಹೇಳಿದಳು. ನಾವಿಬ್ಬರೂ ಮೊದಲ ಕೋಣೆಗೆ ಹೋದೆವು. ಆ ರೋಗಿಗೆ ಏನಾಗಿದೆ, ಏನು ಕೊಟ್ಟಿದ್ದೇನೆ, ರಾತ್ರಿ ಏನು ನೋಡಬೇಕು, ಎಲ್ಲ ಒಪ್ಪಿಸಿದೆ. ಹೊರಗೆ ಬಂದಾಗ ನಾನು ಬಾಗಿಲು ಮುಚ್ಚಲಿಲ್ಲ. ಒಳಗಿನ ಸ್ಟೂಲನ್ನು ಎಳೆದು ಬಾಗಿಲಿಗೆ ಒತ್ತಿ ಇಟ್ಟೆ. ಕಮಲಾಕ್ಷಿ ನೋಡಿದಳು. ಎರಡನೆಯ ಕೋಣೆ. ಮೂರನೆಯದು. ಒಂದೊಂದು ಬಾಗಿಲು ತೆರೆದ ಹಾಗೆ ಒಂದೊಂದು ಬಡಿತ ಓಣಿಗೆ ಬಂದು ಸೇರಿಕೊಂಡಿತು. ಮೊನ್ನೆ ಹೆತ್ತ ಹುಡುಗಿಯದು, ಅವಳ ಪಕ್ಕದ ಕೂಸಿನ ಚುರುಕು ಬಡಿತ, ಕಾಲು ಮುರಿದ ಮೇಷ್ಟ್ರದು, ಜ್ವರದಲ್ಲಿ ಬೇಯುತ್ತಿದ್ದ ಒಬ್ಬ ಕಮ್ಮಾರನದು. ಕೆಲವು ಸಣ್ಣವು, ಕೆಲವು ಕುಂಟುವಂಥವು. ಓಣಿ ತುಂಬುತ್ತ ಬಂತು. ದಿನಗಟ್ಟಲೆ ಬೇರೆಯವರ ಸದ್ದೇ ಕೇಳದೆ ಮಲಗಿದ್ದ ಜನ ತಲೆಯೆತ್ತಿದರು. "ಬಾಜೂಕ ಯಾರದಾರ?" ಎಂದು ಮೇಷ್ಟ್ರು ಕೇಳಿದ್ದು ಕೇಳಿಸಿತು. ಆಚೆಯಿಂದ ಕಮ್ಮಾರ ತನ್ನ ಹೆಸರು ಹೇಳಿದ. ಬಾಣಂತಿ ಅಳುತ್ತಿದ್ದಳು, ನಗುತ್ತಲೂ ಇದ್ದಳು.

ಆಮೇಲೆ ಆದದ್ದನ್ನು ನಾನು ಹೇಗೆ ಹೇಳಲಿ? ಬೇರೆ ಬೇರೆಯಾಗಿ ಬಡಿಯುತ್ತಿದ್ದವೆಲ್ಲ ನಿಧಾನವಾಗಿ ಒಂದನ್ನೊಂದು ಹುಡುಕಿಕೊಂಡ ಹಾಗೆ ಹತ್ತಿರ ಬಂದವು. ಒಂದೇ ಆದವು ಎನ್ನಲಾರೆ. ಆದರೆ ಕುಂಟುತ್ತಿದ್ದವು ನೆಟ್ಟಗಿದ್ದವುಗಳ ಹೆಗಲ ಮೇಲೆ ಕೈಯಿಟ್ಟು ನಡೆಯುವ ಹಾಗೆ ಕೇಳಿಸಿತು. ನೆಲ ಸಣ್ಣಗೆ ನಡುಗುತ್ತಿತ್ತು, ಅಂಗಾಲಿಗೆ ತಿಳಿಯುತ್ತಿತ್ತು. ನನ್ನ ಕೈಗಳು ತಾವಾಗಿಯೇ ಮುಗಿದುಕೊಂಡವು. ಗುಡಿಯಲ್ಲಿ ಕೂಡ ನಾನು ಹಾಗೆ ಕೈ ಮುಗಿದು ನಿಂತವಳಲ್ಲ. ಕೊನೆಯ ಎರಡು ಬಾಗಿಲುಗಳು ಉಳಿದಿದ್ದವು. ನಾನು ನಿಂತೇ ಇದ್ದುದರಿಂದ ಅವನ್ನು ಕಮಲಾಕ್ಷಿಯೇ ಹೋಗಿ ತೆರೆದಳು. ತೆರೆದು, ತನ್ನ ಬಂಡಿಯ ಲಾಡಿಯನ್ನೂ ಬಿಚ್ಚಿದಳು.

ಡಾಕ್ಟರು ಮೆಟ್ಟಿಲ ಮೇಲೆ ಬಂದು ನಿಂತಿದ್ದರು. ಬಾಗಿಲು ಮುಚ್ಚಿ ಎನ್ನುತ್ತಾರೆಂದು ಕಾದೆವು. ಅವರು ಕಂಬವನ್ನು ಹಿಡಿದು ಹಾಗೇ ನಿಂತರು. ಅವರ ಎದೆಯನ್ನು ನಾನು ಅದುವರೆಗೆ ಒಮ್ಮೆಯೂ ಕೇಳಿರಲಿಲ್ಲ. ಆ ಸಂಜೆ ಅವರ ಬಂಡಿಯ ಅಷ್ಟು ದಪ್ಪ ಹತ್ತಿಯನ್ನು ದಾಟಿ ಅದು ಕೇಳಿಸಿತು. ಚಿಕ್ಕ ಹುಡುಗನ ಎದೆಯ ಹಾಗಿತ್ತು, ಹೆದರಿದ ಹುಡುಗನದು. ನಾನು ಅವರಿಗೆ ನಮಸ್ಕಾರ ಮಾಡಿ ಪಕ್ಕದಿಂದ ಇಳಿದು ಹೋದೆ.

ಆಮೇಲೆ ಏನಾಯಿತೆಂದರೆ, ಹೇಳಿಕೊಳ್ಳುವಂಥದ್ದೇನೂ ಆಗಲಿಲ್ಲ. ಮೇಲಿನ ಮಹಡಿಯ ಬಾಗಿಲುಗಳು ತೆರೆದೇ ಉಳಿದವು, ಓಣಿಯಲ್ಲಿ ಮನೆಯವರು ಕೂರಲು ಬೆಂಚು ಹಾಕಿಸಿದರು ಎಂದು ಕಮಲಾಕ್ಷಿ ಹೇಳಿದಳು. ಕೆಳಗಿನ ಕೋಣೆಗಳು ಮೊದಲಿನ ಹಾಗೇ ಮುಚ್ಚಿಕೊಂಡಿದ್ದವು. ಇನ್ನೊಬ್ಬ ನರ್ಸು ಬಂದಳಂತೆ, ಮತ್ತೆ ಹೋದಳಂತೆ. ಸರ್ಕಾರಿ ಆಸ್ಪತ್ರೆಯಲ್ಲಿ ಜಾಗ ಖಾಲಿ ಇರಲಿಲ್ಲ. ಮಳೆಗಾಲವೆಲ್ಲ ನಾನು ಕೆಲಸವಿಲ್ಲದೆ ಕಳೆದೆ. ಅಮ್ಮ ಸ್ವಲ್ಪ ಕಾಲ ನನ್ನ ಜೊತೆ ಮಾತು ಬಿಟ್ಟಳು. ಬೆಳಿಗ್ಗೆ ಎಚ್ಚರವಾದ ಕೂಡಲೇ ಎದೆ ಡವಡವ ಎನ್ನುತ್ತಿತ್ತು. ಗೋಡೆಯ ಆಚೆ ಗಂಗಮಾಳವ್ವ ಅದನ್ನು ಕೇಳಿ, ಕೇಳದವಳ ಹಾಗೆ ರೊಟ್ಟಿ ಬಡಿಯಲು ಶುರುಮಾಡುತ್ತಿದ್ದಳು. ನಾನು ಎದ್ದು ಹೋಗಿ ಅವಳ ಜೊತೆ ಕೂರುತ್ತಿದ್ದೆ. ನನ್ನ ರೊಟ್ಟಿಗಳು ಹರಿಯುತ್ತಿದ್ದವು. ನನಗೆ ಕೆಲಸ ಸಿಕ್ಕಿದ್ದು ಬಹಳ ತಡವಾಗಿ, ಬೇರೆಯೇ ಊರಿನಲ್ಲಿ, ಆ ಕಥೆ ಬೇರೆ.

ಕೆಲಸವಿಲ್ಲದ ಆ ದಿನಗಳಲ್ಲೇ ಒಂದು ಮಧ್ಯಾಹ್ನ, ಊಟದ ಗದ್ದಲ ಮುಗಿದ ಮೇಲೆ, ಸಂಗಪ್ಪ ಬಂದ. ಅವನು ಬರುವುದು ಓಣಿಯ ತಿರುವಿನಿಂದಲೇ ಕೇಳಿಸಿತ್ತು. ನಡೆದು ನಿಂತು, ಮತ್ತೆ ನಡೆದು ಬರುವಂಥ ಬಡಿತ. ಬಾಗಿಲಲ್ಲಿ ನಿಂತ. ಕೂರಲು ಹೇಳಿದೆ. ಖಾನಾವಳಿಯ ಉದ್ದ ಬೆಂಚಿನ ತುದಿಯಲ್ಲಿ ಕೂತ. ಬೈಯಲು ಬಂದಿದ್ದಾನೆ, ಬೈಯಲಿ ಅಂದುಕೊಂಡೆ. ಅವನ ಕಣ್ಣು ಕೆಂಪಾಗಿದ್ದವು, ಬಹಳ ದಿನದಿಂದ ನಿದ್ದೆ ಇಲ್ಲದವನ ಹಾಗೆ. ನೀರು ಕೊಟ್ಟೆ. ಕುಡಿದು, ಲೋಟವನ್ನು ಕೆಳಗಿಟ್ಟು, ನೆಲ ನೋಡುತ್ತ ಹೇಳಿದ:

"ಮದಿವ್ಯಾದಾಗಿಂದ ಆಕಿ ಎದಿ ಸಪ್ಪಳದಾಗ ಮಲಗಿದಾವ ನಾನು. ಈಗ ಅದು ಹೆಂಗಿತ್ತು ಅಂತ ನೆನಪ ಬರವಲ್ದು. ನೆನಸಾಕ ಹ್ವಾದ್ರ ಭಟ್ಟಿ ಸಪ್ಪಳನ ಕೇಳತೈತಿ. ಮುಖ ನೆನಪೈತಿ, ದನಿ ನೆನಪೈತಿ. ಅದೊಂದ ಹೋಗೈತಿ." ಲೋಟವನ್ನು ಪಕ್ಕಕ್ಕೆ ಸರಿಸಿ, "ನೀವು ದಿನಾ ಕೇಳತಿದ್ರಿ. ನಿಮಗರೆ ನೆನಪೈತೇನು?" ಎಂದ.

ನನಗೆ ನೆನಪಿತ್ತು. ಮರೆಯಬೇಕೆಂದರೂ ಆಗಿರಲಿಲ್ಲ. ಅವನ ಪಕ್ಕದಲ್ಲಿ ಬೆಂಚಿನ ಮೇಲೆ ಕೂತು, ಹಲಗೆಯ ಮೇಲೆ ಎರಡು ಬೆರಳಿನಿಂದ ಬಡಿದೆ. ಒಂದು ಗಟ್ಟಿ, ಒಂದು ಮೆದು, ಸಣ್ಣ ಬಿಡುವು. ಅಲ್ಲೊಮ್ಮೆ ಇಲ್ಲೊಮ್ಮೆ, ಏನೋ ನೆನಪಾದವರು ಬೇಗ ಹೆಜ್ಜೆ ಹಾಕುವ ಹಾಗೆ ಒಂದು ಅವಸರದ ಬಡಿತ. ಸಂಗಪ್ಪ ತಲೆಯೆತ್ತಿದ. ಕೇಳುತ್ತ ಕೇಳುತ್ತ ಅವನ ಹುಬ್ಬು ಗಂಟಿಕ್ಕಿತು.

"ಇನ್ನೊಂಚೂರು ಸಾವಕಾಶ," ಎಂದ. "ನೀವು ಕೇಳಿದ್ದು ದವಾಖಾನ್ಯಾಗಿಂದು. ಅಲ್ಲಿ ಆಕಿ ಅಂಜಿದ್ಲು. ಮನ್ಯಾಗ ಇಷ್ಟು ಅವಸರ ಇರಲಿಲ್ಲ."

ನಿಧಾನ ಮಾಡಿದೆ. ಇನ್ನೂ ನಿಧಾನ ಎಂದು ಕೈ ತೋರಿಸಿದ. ಆಮೇಲೆ ತಾನೂ ಒಂದು ಬೆರಳನ್ನು ಹಲಗೆಯ ಮೇಲಿಟ್ಟು, ನನ್ನ ಬಡಿತದ ಜೊತೆಗೆ ಬಡಿದು, ಅದನ್ನು ಹಿಂದಕ್ಕೆ ಹಿಂದಕ್ಕೆ ಎಳೆದುಕೊಂಡು ಹೋದ, ಮಗುವಿನ ಕೈ ಹಿಡಿದು ಮನೆಗೆ ಕರೆದುಕೊಂಡು ಹೋಗುವವರಂತೆ. ಒಂದು ಕಡೆ ಅವನ ಬೆರಳು ನಿಂತಿತು. ನನ್ನದು ನಡೆಯಿತು. ಅದೇ ಇರಬೇಕು. ಅವನು ಕಣ್ಣು ಮುಚ್ಚಿ ಗೋಡೆಗೆ ಒರಗಿದ.

ಒಳಗೆ ಪಾತ್ರೆ ತಿಕ್ಕುತ್ತಿದ್ದ ಗಂಗಮಾಳವ್ವನ ಸದ್ದು ನಿಂತಿತು. ಬೂದಿ ಮೆತ್ತಿದ ಕೈಯಲ್ಲೇ ಬಂದು ಹೊಸ್ತಿಲಲ್ಲಿ ನಿಂತಳು. ಸಂಗಪ್ಪನ ಎದೆ ಮೊದಲು ತಡವರಿಸಿತು, ಒಂದೆರಡು ಸಲ ದಾರಿ ತಪ್ಪಿತು, ಆಮೇಲೆ ನಾನು ಬಡಿಯುತ್ತಿದ್ದುದರ ಪಕ್ಕಕ್ಕೆ ಬಂದು ಸೇರಿಕೊಂಡು ನಡೆಯತೊಡಗಿತು. ಇಬ್ಬರು ಜೊತೆಯಾಗಿ ನಡೆಯುವ ಹಾಗೆ. ಅವನ ತಲೆ ವಾಲಿತು, ಬಾಯಿ ಸ್ವಲ್ಪ ತೆರೆಯಿತು. ಅವನು ನಿದ್ದೆ ಹೋಗಿದ್ದ.

ನಾನು ಕಣ್ಣೆತ್ತಿ ಗಂಗಮಾಳವ್ವನನ್ನು ನೋಡಿದೆ. ನಿಲ್ಲಿಸಬೇಡ ಎಂಬಂತೆ ಅವಳು ಕತ್ತು ಆಡಿಸಿದಳು, ಬಾಗಿಲ ಪರದೆಯನ್ನು ಅರ್ಧ ಎಳೆದು ಬಿಸಿಲು ಅವನ ಮುಖಕ್ಕೆ ಬೀಳದ ಹಾಗೆ ಮಾಡಿದಳು. ಹೊರಗೆ ಓಣಿಯಲ್ಲಿ ಯಾರೋ ಹೋಗುತ್ತಿದ್ದರು, ಅವರ ಹೆಜ್ಜೆ ನಿಧಾನವಾಯಿತು, ದಾಟಿತು. ನನ್ನ ಬೆರಳು ನೋಯಲು ಶುರುವಾಗಿತ್ತು. ಹೋಗಬೇಕಾದ ಕೆಲಸವೊಂದೂ ನನಗೆ ಎಲ್ಲೂ ಇರಲಿಲ್ಲ. ಕೈ ಬದಲಿಸಿಕೊಂಡು ಬಡಿಯುತ್ತಾ ಕೂತೆ.